ನಕಲು ಕಾರು, ಅಸಲು ಅಹಂಕಾರ

ಮಳೆ, ಕಾಡು, ಹೊಳೆಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ವಿದೇಶದ ಹಳೆಯ ಕ್ರೀಡಾ ಕಾರುಗಳಿಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ಹಾಗೆ ಕೇಳುವುದು ನ್ಯಾಯವೂ ಹೌದು. ಆದರೆ ಒಂದು ವಸ್ತುವಿನ ಬೆಲೆ ಎಲ್ಲಿಂದ ಹುಟ್ಟುತ್ತದೆ, ಒಂದು ರೂಪದ ಮೇಲೆ ಯಾರಿಗೆ ಎಷ್ಟು ಕಾಲ ಹಕ್ಕಿರಬೇಕು, ಕೈಕೆಲಸ ಬಲ್ಲವನೊಬ್ಬ ಹಳೆಯದನ್ನು ನೋಡಿ ಹೊಸದನ್ನು ಮಾಡಿದರೆ ಅವನು ಕಳ್ಳನೇ ಎಂಬ ಪ್ರಶ್ನೆಗಳು ಶ್ರೀಮಂತರ ಕಾರುಶೆಡ್ಡಿನೊಳಗೇ ಮುಗಿಯುವಂಥವಲ್ಲ. ಅವು ಅಲ್ಲಿ ಯಾವ ಮುಸುಕೂ ಇಲ್ಲದೆ ಕಾಣಿಸುತ್ತವೆ, ಅಷ್ಟೆ. ಆದ್ದರಿಂದ ಸ್ವಲ್ಪ ಹೊತ್ತು ಆ ಶೆಡ್ಡಿನೊಳಗೆ ಇಣುಕುವುದು ವ್ಯರ್ಥವಾಗದು.

2023ರ ನವೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ 1962ರ ಫೆರಾರಿ 250 ಜಿಟಿಒ ಕಾರು 5.17 ಕೋಟಿ ಡಾಲರಿಗೆ, ಎಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 430 ಕೋಟಿ ರೂಪಾಯಿಗೆ ಮಾರಾಟವಾಯಿತು. ಅದಕ್ಕೂ ಮೊದಲು, 2022ರ ಮೇ ತಿಂಗಳಲ್ಲಿ, ಮರ್ಸಿಡಿಸ್ ಕಂಪನಿ ತನ್ನ ಸಂಗ್ರಹದಲ್ಲಿದ್ದ 1955ರ 300 ಎಸ್‌ಎಲ್‌ಆರ್ ಕೂಪೆಯೊಂದನ್ನು 13.5 ಕೋಟಿ ಯೂರೋಗಳಿಗೆ ಹರಾಜು ಹಾಕಿತ್ತು. ಇಂಥ ಕಾರುಗಳ ರೂಪವನ್ನೇ ಅನುಸರಿಸಿ, ತಗಡು ಬಡಿದೋ ನಾರುಗಾಜಿನ ಅಚ್ಚು ಎರಕ ಹೊಯ್ದೋ ತಯಾರಿಸಿದ ಕಾರುಗಳಿಗೆ ಪ್ರತಿಕೃತಿ ಎಂದು ಹೆಸರು. ನೋಟದಲ್ಲಿ ಒಂದೇ, ಓಟದಲ್ಲಿ ಕೆಲವೊಮ್ಮೆ ಪ್ರತಿಕೃತಿಯೇ ಮೇಲು. ಬೆಲೆಯಲ್ಲಿ ಮಾತ್ರ ಬೆಟ್ಟಕ್ಕೂ ಬೆಣಚುಕಲ್ಲಿಗೂ ಇರುವ ಅಂತರ. ಈ ಅಂತರವನ್ನು ಕಾಯುವುದಕ್ಕಾಗಿ ಈಚಿನ ವರ್ಷಗಳಲ್ಲಿ ನ್ಯಾಯಾಲಯಗಳ ಮೆಟ್ಟಿಲು ಹತ್ತಲಾಗಿದೆ.

ನಕಲು ಮಾಡುವುದು ತಪ್ಪಲ್ಲ. ನಕಲನ್ನು ಅಸಲೆಂದು ಮಾರುವುದು ತಪ್ಪು. ಬೇರೆಯವರ ನಕಲನ್ನು ಅಪರಾಧವೆಂದು ಸಾರುತ್ತ, ತನ್ನ ನಕಲಿಗೆ ಮಾತ್ರ ಗೌರವದ ಹೆಸರಿಟ್ಟು ಕೋಟಿಗಟ್ಟಲೆ ಬೆಲೆ ಕಟ್ಟುವುದು ಅದಕ್ಕಿಂತ ದೊಡ್ಡ ತಪ್ಪು. ಇದು ಈ ಲೇಖನದ ವಾದ.

ಅಸಲಿನ ವಂಶಾವಳಿ

ಜಗತ್ತಿನಲ್ಲಿ ಅತಿ ಹೆಚ್ಚು ಪ್ರತಿಕೃತಿಗಳನ್ನು ಕಂಡ ಕ್ರೀಡಾ ಕಾರುಗಳಲ್ಲಿ ಕೋಬ್ರಾ ಮೊದಲ ಸಾಲಿನದು. ಮೂಲ ಕೋಬ್ರಾಗಳು 1960ರ ದಶಕದಲ್ಲಿ ತಯಾರಾದದ್ದು ಸುಮಾರು ಒಂದು ಸಾವಿರ ಮಾತ್ರ. ಪ್ರತಿಕೃತಿಗಳು ಅದರ ಅನೇಕ ಪಟ್ಟು ಇವೆ. ಪ್ರತಿಕೃತಿಯನ್ನು ಹೀಗಳೆಯುವವರು ಕೋಬ್ರಾದ ಮಾತು ಬಂದಾಗ ಮೂಲದ ಪಾವಿತ್ರ್ಯದ ಬಗ್ಗೆ ಉದ್ದುದ್ದ ಮಾತನಾಡುತ್ತಾರೆ. ಆ ಮೂಲದ ಬೇರನ್ನು ಅಗೆದು ನೋಡೋಣ.

ಇಂಗ್ಲೆಂಡಿನ ಥೇಮ್ಸ್ ಡಿಟನ್ ಎಂಬಲ್ಲಿದ್ದ ಎಸಿ ಎಂಬ ಸಣ್ಣ ಕಂಪನಿ 1953ರಲ್ಲಿ ಏಸ್ ಎಂಬ ಕಾರನ್ನು ಪ್ರದರ್ಶಿಸಿತು. ಅದರ ಚೌಕಟ್ಟಿನ ವಿನ್ಯಾಸ ಆ ಕಂಪನಿಯದಲ್ಲ. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಟೊಜೈರೊ ಎಂಬವನದು. ಮೈಮಾಟ ಇಟಲಿಯ ಫೆರಾರಿ 166 ಬಾರ್ಕೆಟಾವನ್ನು ಅನುಸರಿಸಿದ್ದು. ಮುಂದೆ ಅದಕ್ಕೆ ಕೂರಿಸಿದ ಬ್ರಿಸ್ಟಲ್ ಎಂಜಿನ್ನು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಬ್ರಿಟನ್ನಿಗೆ ಬಂದ ಬಿಎಂಡಬ್ಲ್ಯು 328ರ ನಕ್ಷೆಯಿಂದ ಹುಟ್ಟಿದ್ದು. 1962ರಲ್ಲಿ ಅಮೆರಿಕದ ಪಂದ್ಯ ಚಾಲಕ ಕ್ಯಾರಲ್ ಷೆಲ್ಬಿ ಅದೇ ಕಾರಿನೊಳಗೆ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ಎಂಜಿನ್ ಇಳಿಸಿದ. ಅದು ಕೋಬ್ರಾ ಆಯಿತು.

ಇಟಲಿಯ ರೂಪ, ಇಂಗ್ಲೆಂಡಿನ ಚೌಕಟ್ಟು, ಅಮೆರಿಕದ ಎಂಜಿನ್ನು; ನಡುವೆ ಜರ್ಮನಿಯ ಒಂದು ಅಧ್ಯಾಯ. ಈ ಬೆರಕೆಯನ್ನು ದೋಷವೆಂದು ನಾನು ಹೇಳುತ್ತಿಲ್ಲ. ಇದೇ ಅದರ ಸೊಬಗು. ಕಸಿ ಕಟ್ಟಿದ ಗಿಡದಲ್ಲಿ ಬೇರು ಒಂದರದು, ಕುಡಿ ಇನ್ನೊಂದರದು; ಹಣ್ಣು ರುಚಿಯಾಗಿದ್ದರೆ ಯಾರೂ ಜಾತಿ ಕೇಳುವುದಿಲ್ಲ. ಆದರೆ ಇಂಥ ಕಸಿಯಿಂದ ಹುಟ್ಟಿದ್ದಕ್ಕೆ 'ಅಪ್ಪಟ ಮೂಲ' ಎಂಬ ಪಟ್ಟ ಕಟ್ಟಿ, ಅದರಿಂದ ಮತ್ತೊಂದು ಕುಡಿ ಕೀಳುವವನನ್ನು ಮಾತ್ರ ಕಳ್ಳನೆಂದು ಕರೆಯುವುದು ಯಾವ ನ್ಯಾಯ?

ಯಾವುದು ಅಸಲು?

ಅಸಲು ಎಂದರೆ ಲೋಹವೇ, ಕಾಗದವೇ, ಕಥೆಯೇ? ಈ ಪ್ರಶ್ನೆಗೆ ಲಂಡನ್ನಿನ ಉಚ್ಚ ನ್ಯಾಯಾಲಯ 1990ರಲ್ಲಿ ಉತ್ತರ ಹೇಳಬೇಕಾಗಿ ಬಂತು. 'ಓಲ್ಡ್ ನಂಬರ್ ಒನ್' ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಪಂದ್ಯವನ್ನು ಗೆದ್ದಿತ್ತು. ಆಮೇಲೆ ಅದರ ಎಂಜಿನ್ ಬದಲಾಯಿತು, ಚೌಕಟ್ಟು ಬದಲಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದಲ್ಲಿ ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್‌ಫೀ ಅಸುನೀಗಿದ. ಕಾರನ್ನು ಮತ್ತೆ ಕಟ್ಟಿದರು, ಮೈ ಬದಲಿಸಿದರು. ಹೀಗೆ ಆರು ದಶಕ ಕಳೆದ ಮೇಲೆ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿಯೊಂದು, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿಯಿತು.

ವಿಚಾರಣೆಯಲ್ಲಿ ಬಯಲಾದದ್ದು ಇಷ್ಟು: ಲೆ ಮಾನ್ ಗೆದ್ದ ದಿನ ಆ ಕಾರಿನಲ್ಲಿದ್ದ ಭಾಗಗಳಲ್ಲಿ ಉಳಿದವು ಬೆರಳೆಣಿಕೆಯವು. ಆದರೂ ನ್ಯಾಯಮೂರ್ತಿ ಒಟನ್ ಮಾರುವವನ ಪರ ತೀರ್ಪಿತ್ತರು. ಇದನ್ನು ಹುಟ್ಟಿದಾಗಿನ ಸ್ಥಿತಿಯಲ್ಲಿರುವ ಕಾರು ಎನ್ನಲಾಗದು. ಹಾಗೆಂದು ಇದು ಪ್ರತಿಕೃತಿಯೂ ಅಲ್ಲ. ಒಂದು ದಿನವೂ ಕಡಿಯದ ಇತಿಹಾಸ ಇದಕ್ಕಿದೆ, ಆದ್ದರಿಂದ ಇದು ಅಧಿಕೃತವಾಗಿ ಓಲ್ಡ್ ನಂಬರ್ ಒನ್ ಕಾರೇ ಸರಿ ಎಂಬುದು ಆ ತೀರ್ಪಿನ ಸಾರ.

ನಮ್ಮ ಊರುಗಳ ತೇರನ್ನು ಬಲ್ಲವರಿಗೆ ಈ ತೀರ್ಪು ವಿಚಿತ್ರವೆನಿಸದು. ಗಾಲಿ ಸವೆದಾಗ ಗಾಲಿ, ಅಚ್ಚು ಮುರಿದಾಗ ಅಚ್ಚು, ಹುಳ ಹಿಡಿದಾಗ ಅಡ್ಡಪಟ್ಟಿ ಎಂದು ಬದಲಿಸುತ್ತ ಬಂದರೂ ಅದು ಅದೇ ತೇರು. ಎಳೆಯುವ ಊರು ಬದಲಾಗಿಲ್ಲವಲ್ಲ! ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಒಪ್ಪಿದ ಮೇಲೆ ಅದರ ಪರಿಣಾಮವನ್ನೂ ಒಪ್ಪಬೇಕಾಗುತ್ತದೆ. ಅಧಿಕೃತತೆ ಲೋಹದಲ್ಲಿಲ್ಲ, ಸತ್ಯವಾದ ಮತ್ತು ಕಡಿಯದ ಕಥನದಲ್ಲಿದೆ ಎಂದಾದರೆ, ಪ್ರತಿಕೃತಿಗೂ ಅದರದೇ ಆದ ಅಧಿಕೃತತೆ ಇರಲೇಬೇಕು. 1985ರಲ್ಲಿ ಒಬ್ಬ ಕುಶಲಕರ್ಮಿ ತನ್ನ ಶೆಡ್ಡಿನಲ್ಲಿ ಕಟ್ಟಿದ ಕೋಬ್ರಾ ಪ್ರತಿಕೃತಿ 1965ರ ಕೋಬ್ರಾ ಆಗದು, ನಿಜ. ಅದು 1985ರಲ್ಲಿ ಇಂಥವನು ಕಟ್ಟಿದ ಅಸಲು ಪ್ರತಿಕೃತಿ. ನಾಲ್ಕು ದಶಕ ಓಡಿದ ಅದಕ್ಕೆ ತನ್ನದೇ ಇತಿಹಾಸವಿದೆ. ಅದು ಯಾರ ಹೆಸರನ್ನೂ ಕದಿಯದಿದ್ದರೆ ಅದರಲ್ಲಿ ಸುಳ್ಳೆಂಬುದೇ ಇಲ್ಲ.

ದಾಖಲೆ, ಬಳಕೆ, ಬೆಲೆ

ಹಳೆಯ ವಸ್ತುವೊಂದಕ್ಕೆ ಮೂರು ಬಗೆಯ ಮೌಲ್ಯಗಳಿರುತ್ತವೆ. ಅವನ್ನು ಬೇರ್ಪಡಿಸದೆ ಈ ವಿವಾದ ಬಗೆಹರಿಯದು.

ಮೊದಲನೆಯದು ದಾಖಲೆಯ ಮೌಲ್ಯ. ಯಾರೂ ಕೈಯಾಡಿಸದ 1951ರ ಕಾರೊಂದರ ತಗಡಿನ ಮೇಲೆ ಅಂದಿನ ಸುತ್ತಿಗೆಯ ಗುರುತಿದೆ. ಬಣ್ಣದ ಪದರಗಳಲ್ಲಿ ಅಂದಿನ ರಸಾಯನವಿದೆ. ಬೆಸುಗೆಯಲ್ಲಿ ಬೆಸೆದವನ ಅಭ್ಯಾಸವಿದೆ. ಸಸ್ಯಶಾಸ್ತ್ರಜ್ಞರು ಹೊಸ ಪ್ರಭೇದವೊಂದನ್ನು ಹೆಸರಿಸುವಾಗ ಒಂದು ಒಣಸಸ್ಯವನ್ನು ಮೂಲ ಮಾದರಿಯೆಂದು ಸಸ್ಯಸಂಗ್ರಹಾಲಯದಲ್ಲಿ ಇರಿಸುತ್ತಾರೆ. ಸಂದೇಹ ಬಂದಾಗಲೆಲ್ಲ ಅದನ್ನು ತೆಗೆದು ನೋಡುತ್ತಾರೆ. ಈ ಅರ್ಥದಲ್ಲಿ ಅಸಲು ಕಾರಿಗೆ ಬದಲಿಯಿಲ್ಲ. ಯಾವ ಪ್ರತಿಕೃತಿಯೂ ಆ ಸಾಕ್ಷ್ಯವನ್ನು ನೀಡದು. ಇದನ್ನು ಪ್ರತಿಕೃತಿಯ ಪರ ವಾದಿಸುವವರು ಮೊದಲು ಒಪ್ಪಿಕೊಳ್ಳಬೇಕು.

ಎರಡನೆಯದು ಬಳಕೆಯ ಮೌಲ್ಯ. ಓಡಿಸುವುದು, ಬಿಚ್ಚುವುದು, ಕಲಿಯುವುದು, ಕಲಿಸುವುದು. ಇಲ್ಲಿ ಪ್ರತಿಕೃತಿ ಅಸಲಿಗೆ ಸಮ. ಬಹಳ ಸಲ ಮೇಲು. 1924ರಲ್ಲಿ ಲಿಯೋನ್ ನಗರದ ಪಂದ್ಯದಲ್ಲಿ ಮೊದಲು ಕಾಣಿಸಿಕೊಂಡ ಬುಗಾಟಿ ಟೈಪ್ 35 ಕಾರಿನ ಪ್ರತಿಕೃತಿಗಳನ್ನು ಅರ್ಜೆಂಟೀನಾದ ಪರನಾ ಪಟ್ಟಣದ ಪುರ್ ಸಾಂಗ್ ಎಂಬ ಕಾರ್ಖಾನೆ ಕೈಕೆಲಸದಿಂದಲೇ ತಯಾರಿಸಿದೆ. ಎರಕ, ತಗಡಿನ ಕೆಲಸ, ಚಕ್ರಗಳ ಕೆತ್ತನೆ ಎಲ್ಲವನ್ನೂ ಕಲಿತ ಕೈಗಳು ಅಲ್ಲಿ ಸಿದ್ಧವಾದವು. ವಿದ್ಯೆ ಉಳಿಯುವುದು ಮಾಡುವುದರಿಂದ, ಗಾಜಿನ ಪೆಟ್ಟಿಗೆಯಲ್ಲಿ ನೋಡುವುದರಿಂದಲ್ಲ. ಅಸಲು ಕಾರಿನ ಒಡೆಯನಿಗೆ ನಾಳೆ ರಿಪೇರಿಗೆ ಬೇಕಾಗುವುದು ಇಂಥ ಕೈಗಳೇ.

ಮೂರನೆಯದು ಬೆಲೆ. ಇದು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಆ ಫೆರಾರಿ 250 ಜಿಟಿಒ ಕಾರಿನ ಕಥೆಯೇ ಸಾಕು. 1962ರಿಂದ 1964ರವರೆಗೆ ತಯಾರಾದದ್ದು 36 ಕಾರುಗಳು. ಪಂದ್ಯದ ಆಯುಷ್ಯ ಮುಗಿದ ಮೇಲೆ ಅವು ಹಳೆಯ ಸಾಮಾನು. ಅವುಗಳಲ್ಲೊಂದನ್ನು ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ರೌಢಶಾಲೆಯೊಂದಕ್ಕೆ ದಾನ ಕೊಡಲಾಗಿತ್ತು. 1970ರ ದಶಕದ ಆರಂಭದಲ್ಲಿ ಅದು ಕೆಲವು ಸಾವಿರ ಡಾಲರುಗಳಿಗೆ ಕೈಬದಲಾಯಿತು. ಇಂದು ಅಂಥದೇ ಕಾರಿಗೆ ಐದು ಕೋಟಿ ಡಾಲರು. ನಡುವಿನ ಐವತ್ತು ವರ್ಷಗಳಲ್ಲಿ ಆ ಲೋಹದಲ್ಲಿ ಒಂದು ಗುಲಗಂಜಿ ತೂಕದ ಗುಣವೂ ಹೆಚ್ಚಿಲ್ಲ. ಹೆಚ್ಚಿದ್ದು ಕೊಳ್ಳುವವರ ಕೈಯಲ್ಲಿ ಶೇಖರವಾದ ಹಣ ಮತ್ತು 36 ಎಂಬ ಅಂಕಿಯ ಮೇಲಿನ ಮೋಹ. ಕೊರತೆಯನ್ನೇ ಬೆಳೆಯಾಗಿ ಬೆಳೆಯುವ ಮಾರುಕಟ್ಟೆ ಇದು.

ಈ ಮೂರನೆಯ ಮೌಲ್ಯ ಮಿತಿಮೀರಿದಾಗ ಮೊದಲೆರಡನ್ನೂ ನುಂಗಿಬಿಡುತ್ತದೆ. ಕೋಟ್ಯಂತರ ಡಾಲರಿನ ಕಾರನ್ನು ರಸ್ತೆಗೆ ಇಳಿಸಲು ಒಡೆಯನಿಗೆ ಭಯ, ಬಳಕೆ ನಿಂತಿತು. ಪ್ರದರ್ಶನದಲ್ಲಿ ಬಹುಮಾನ ಬಂದರೆ ಬೆಲೆ ಏರುತ್ತದೆಂದು ಹಳೆಯ ಬಣ್ಣ ಕೆರೆದು, ತಗಡು ತಿದ್ದಿ, ಹುಟ್ಟಿದ ದಿನವೂ ಇರದಿದ್ದ ಹೊಳಪು ತಂದರು, ದಾಖಲೆಯೂ ಅಳಿಯಿತು. ಕೈಯಾಡಿಸದ ಕಾರುಗಳಿಗೆ ಪ್ರದರ್ಶನಗಳಲ್ಲಿ ಪ್ರತ್ಯೇಕ ವರ್ಗ ಏರ್ಪಟ್ಟಿರುವುದು ಈಚಿನ ದಶಕಗಳ ವಿವೇಕ. ಅಷ್ಟರಲ್ಲಿ ಎಷ್ಟು ಸಾಕ್ಷ್ಯಗಳು ಕೆರೆದುಹೋದವೋ ಲೆಕ್ಕವಿಟ್ಟವರಿಲ್ಲ. ಅಸಲನ್ನು ಕೆಡಿಸಿದ್ದು ಪ್ರತಿಕೃತಿಯಲ್ಲ, ಅಸಲಿನ ಬೆಲೆ.

ಕಂಪನಿಯ ನಕಲಿಗೆ ಬೇರೆ ಹೆಸರು

ಇನ್ನು ಕಂಪನಿಗಳ ಮಾತಿಗೆ ಬರೋಣ. ಜಾಗ್ವಾರ್ ಕಂಪನಿ 1960ರ ದಶಕದಲ್ಲಿ ಹಗುರ ಇ-ಟೈಪ್ ಕಾರುಗಳಿಗಾಗಿ 18 ಸಂಖ್ಯೆಗಳನ್ನು ಕಾದಿರಿಸಿ 12 ಮಾತ್ರ ಕಟ್ಟಿತ್ತು. 2014ರಲ್ಲಿ ಆ ಕಂಪನಿಗೆ ಉಳಿದ ಆರು ಸಂಖ್ಯೆಗಳ ನೆನಪಾಯಿತು. ಅರ್ಧ ಶತಮಾನದ ಅನಂತರ ಆರು 'ಹೊಸ ಹಳೆಯ' ಕಾರುಗಳು ಹುಟ್ಟಿದವು. 1957ರ ಫೆಬ್ರವರಿಯಲ್ಲಿ ಅದರ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ನಷ್ಟವಾಗಿದ್ದ ಒಂಬತ್ತು ಎಕ್ಸ್‌ಕೆ-ಎಸ್‌ಎಸ್ ಕಾರುಗಳ ಬದಲಿಗೆ ಒಂಬತ್ತನ್ನು ಕಟ್ಟುವುದಾಗಿ 2016ರಲ್ಲಿ ಸಾರಿತು. ಆಸ್ಟನ್ ಮಾರ್ಟಿನ್ 2017ರಲ್ಲಿ ಡಿಬಿ4 ಜಿಟಿ ಮಾದರಿಯ 25 ಕಾರುಗಳಿಗೆ ಕೈಹಾಕಿತು. ಬೆಂಟ್ಲಿ ತನ್ನ ಹಳೆಯ 'ಬ್ಲೋವರ್' ಕಾರಿನ ಹನ್ನೆರಡು ಮರುನಿರ್ಮಾಣಗಳನ್ನು ಘೋಷಿಸಿತು. ಇವನ್ನು ಯಾರೂ ಪ್ರತಿಕೃತಿ ಎಂದು ಕರೆಯುವಂತಿಲ್ಲ. ಇವು 'ಮುಂದುವರಿಕೆ' ಕಾರುಗಳಂತೆ!

ಯಾವುದರ ಮುಂದುವರಿಕೆ? ಅಂದಿನ ಕೆಲಸಗಾರರಲ್ಲಿ ಬಹುತೇಕ ಯಾರೂ ಇಲ್ಲ. ಮೂಲ ಕಾರನ್ನು ಗಣಕಯಂತ್ರದಿಂದ ಅಳೆದು ಹೊಸ ಲೋಹದಲ್ಲಿ ಹೊಸ ಕೈಗಳು ಕಟ್ಟುತ್ತವೆ. ಶೆಡ್ಡಿನ ಕುಶಲಕರ್ಮಿ ಮಾಡುವುದೂ ಇದನ್ನೇ. ವ್ಯತ್ಯಾಸ ಲಾಂಛನದಲ್ಲಿದೆ; ಆ ಲಾಂಛನಕ್ಕಾಗಿ ಹತ್ತು ಲಕ್ಷ ಪೌಂಡಿಗೂ ಮೀರಿದ ಬೆಲೆಯಿದೆ. ಬೆಂಟ್ಲಿ ಕಾರಿನ ತೀರ್ಪು ಹೇಳಿದ 'ಕಡಿಯದ ಇತಿಹಾಸ' ಈ ಕಾರುಗಳಿಗೆ ಎಲ್ಲಿದೆ? ಐವತ್ತು, ಅರವತ್ತು ವರ್ಷಗಳ ಕಂದರವನ್ನು ಒಂದು ಕಾದಿರಿಸಿದ ಸಂಖ್ಯೆಯಿಂದ ಮುಚ್ಚಲಾಗಿದೆ.

ಇಷ್ಟಾದರೂ ಸುಮ್ಮನಿರಬಹುದಿತ್ತು. ಸ್ವೀಡನ್ ದೇಶದ ದಂಪತಿಯೊಂದು ಸಿ-ಟೈಪ್ ಜಾಗ್ವಾರ್ ಕಾರಿನ ಪ್ರತಿಕೃತಿ ನಿರ್ಮಾಣಕ್ಕೆ ತೊಡಗಿತ್ತು. 1951 ಮತ್ತು 1953ರಲ್ಲಿ ಲೆ ಮಾನ್ ಗೆದ್ದ ಆ ಮಾದರಿಯ 53 ಕಾರುಗಳಷ್ಟೇ ಅಂದು ತಯಾರಾಗಿದ್ದವು. ಕಂಪನಿ ಈ ದಂಪತಿಯ ಮೇಲೆ ದಾವೆ ಹೂಡಿತು. ಕಾರಿನ ಆಕಾರ ಒಂದು ಕಲಾಕೃತಿ, ಅದರ ಹಕ್ಕುಸ್ವಾಮ್ಯ ತನ್ನದು ಎಂಬುದು ಅದರ ವಾದ. 2020ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮಿನ ಮೊದಲ ಹಂತದ ನ್ಯಾಯಾಲಯ ಆ ವಾದವನ್ನು ಎತ್ತಿಹಿಡಿಯಿತು. ಮರುತಿಂಗಳು, 2021ರ ಜನವರಿಯಲ್ಲಿ, ಕಂಪನಿ ತಾನೇ ಎಂಟು ಸಿ-ಟೈಪ್ ಕಾರುಗಳನ್ನು ಹೊಸದಾಗಿ ಕಟ್ಟಿ ಮಾರುವುದಾಗಿ ಪ್ರಕಟಿಸಿತು. ನನ್ನ ಗಮನ ಇರುವುದು ಮೊಕದ್ದಮೆಯ ಮುಂದಿನ ಹಂತಗಳ ಮೇಲಲ್ಲ, ಕಂಪನಿ ಏನನ್ನು ಕೇಳಿತು ಎಂಬುದರ ಮೇಲೆ. ಹಲವು ದಶಕಗಳ ಕಾಲ ಪ್ರತಿಕೃತಿಕಾರರು ಬಹಿರಂಗವಾಗಿ ಕೆಲಸ ಮಾಡುತ್ತಿದ್ದಾಗ, ಅವರಿಂದಲೇ ಆ ಕಾರಿನ ಕೀರ್ತಿ ಹಬ್ಬುತ್ತಿದ್ದಾಗ, ಈ ಹಕ್ಕಿನ ನೆನಪು ಬರಲಿಲ್ಲ. ತಾನೇ ಅಂಗಡಿ ತೆರೆಯುವ ಕಾಲಕ್ಕೆ ಬಂತು.

ಇನ್ನೊಂದು ಸಂಗತಿ. ಸಿ-ಟೈಪ್ ರೂಪಿಸಿದ ಮಾಲ್ಕಂ ಸೇಯರ್ 1970ರಲ್ಲಿ ತೀರಿಕೊಂಡ. ಯೂರೋಪಿನ ಹಕ್ಕುಸ್ವಾಮ್ಯ ಕರ್ತೃವಿನ ಮರಣಾನಂತರ 70 ವರ್ಷ ಉಳಿಯುತ್ತದೆ. ಎಂದರೆ 1951ರಲ್ಲಿ ಪಂದ್ಯ ಗೆಲ್ಲಲೆಂದು ಗಾಳಿಯ ಲೆಕ್ಕ ಹಾಕಿ ರೂಪಿಸಿದ ತಗಡಿನ ಬಾಗು 2040ರವರೆಗೆ ಒಬ್ಬರ ಸ್ವತ್ತು! ಯಂತ್ರದ ಹೊಸ ಆವಿಷ್ಕಾರಕ್ಕೆ ಪೇಟೆಂಟ್ ದೊರೆತರೆ ಅದರ ಅವಧಿ 20 ವರ್ಷ. ಆ ಅವಧಿ ತೀರಿದ ಮೇಲೆ ವಿದ್ಯೆ ಎಲ್ಲರದಾಗಲಿ ಎಂಬುದು ಆ ಕಾನೂನಿನ ಒಪ್ಪಂದ. ಅದೇ ಯಂತ್ರದ ಹೊದಿಕೆಯನ್ನು 'ಕಲೆ' ಎಂದು ಕರೆದ ಮಾತ್ರಕ್ಕೆ ಒಪ್ಪಂದ ಮುರಿದು ಬೀಳುತ್ತದೆ.

ಫೆರಾರಿಯೂ ಇದೇ ಹಾದಿಯಲ್ಲಿ ನಡೆಯಿತು. ಮೊಡೆನಾ ನಗರದ ಆರೆಸ್ ಎಂಬ ವಿನ್ಯಾಸ ಸಂಸ್ಥೆ 250 ಜಿಟಿಒ ಮಾದರಿಯನ್ನು ಹೋಲುವ ಕಾರಿನ ಯೋಜನೆ ಹಾಕಿದಾಗ, ಬೊಲೋನ್ಯಾ ನ್ಯಾಯಾಲಯ 2019ರಲ್ಲಿ ಆ ಕಾರನ್ನು ಕಲಾಕೃತಿಯೆಂದು ಮಾನ್ಯ ಮಾಡಿತು. ಮರುವರ್ಷ ಐರೋಪ್ಯ ಒಕ್ಕೂಟದ ಬೌದ್ಧಿಕ ಸ್ವತ್ತಿನ ಕಚೇರಿ ಮಾತ್ರ ಅದೇ ಆಕಾರದ ಮೇಲೆ ಫೆರಾರಿ ಪಡೆದಿದ್ದ ವ್ಯಾಪಾರಮುದ್ರೆಯನ್ನು ಬಹುಪಾಲು ರದ್ದುಪಡಿಸಿ, ಆಟಿಕೆಗಳಿಗೆ ಉಳಿಸಿತು. ಹಲವು ದಶಕಗಳಿಂದ ಕಾರು ತಯಾರಿಸದೆ ಬಿಟ್ಟ ಆಕಾರದ ಮೇಲೆ ಕಾರಿನ ಮುದ್ರೆ ಏಕೆ ಎಂಬ ಸರಳ ವಿವೇಕ ಅಲ್ಲಿ ಕಾಣಿಸಿತು.

ಚೀಟಿಯ ಧರ್ಮ

ಈ ಗೊಂದಲಕ್ಕೆ ಒಂದು ಪರಿಹಾರ ನಮ್ಮ ದೇಶದ ಶಾಸನದಲ್ಲೇ ಇದೆ. ಕೃಷಿ ವಿಜ್ಞಾನದಲ್ಲಿ ದುಡಿಯುವವರಿಗೆ ಅದು ಪರಿಚಿತ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮಿನ ಪ್ರಕಾರ, ನೋಂದಾಯಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಮಾರಲೂಬಹುದು. ಒಂದೇ ನಿರ್ಬಂಧ: ಆ ತಳಿಯ ಚೀಟಿ ಅಂಟಿಸಿದ ಪೊಟ್ಟಣದಲ್ಲಿ, ಬ್ರಾಂಡ್ ಬೀಜವೆಂದು ಮಾರುವಂತಿಲ್ಲ. ಬೀಜ ಎಲ್ಲರದು, ಚೀಟಿ ಮಾತ್ರ ಒಡೆಯನದು. ತಳಿ ರೂಪಿಸಿದವನ ಹೆಸರಿಗೂ ಮರ್ಯಾದೆ ಉಳಿಯಿತು, ಬಿತ್ತುವವನ ಕೈಯೂ ಉಳಿಯಿತು. ಕಾರಿನ ಆಕಾರಕ್ಕೂ ಇದೇ ನ್ಯಾಯ ಸಾಕು. ಹೆಸರು, ಲಾಂಛನ, ಚೌಕಟ್ಟಿನ ಸಂಖ್ಯೆ ಇವು ಒಡೆಯನವು. ಬಾಗು, ಉಬ್ಬು, ಅಳತೆ ಇವು ಸಾಕಷ್ಟು ಕಾಲ ಸಂದ ಮೇಲೆ ಲೋಕದವು.

ಮಲೆನಾಡಿನವರಿಗೆ ಇದರ ಮರ್ಮ ತಿಳಿಯಲು ಫೆರಾರಿ ಬೇಕಿಲ್ಲ. ನಮ್ಮ ಘಟ್ಟದ ರಸ್ತೆಗಳನ್ನು ಹತ್ತಿ ಇಳಿದ ಜೀಪು ಯಾವುದು? ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರಾ ಕಂಪನಿ 1947ರಲ್ಲಿ ಅನುಮತಿ ಪಡೆದು ಜೋಡಿಸತೊಡಗಿದ್ದರಿಂದ ಬಂದ ವಂಶ ಅದು. ಯಾವ ಭಾಗ ಮೂಲದ್ದು ಎಂದು ಯಾವ ಮೇಸ್ತ್ರಿಯನ್ನು ಕೇಳಿದರೂ ನಕ್ಕಾನು. ಪೇಟೆಯ ಲೇತು ಮಿಷನ್ನಿನಲ್ಲಿ ಕಡೆದ ಬಿಡಿಭಾಗಗಳಿಂದಲೇ ಅದು ಬದುಕಿ ಬಂದಿದೆ. ಆ ವಂಶದ ರಾಕ್ಸರ್ ಎಂಬ ವಾಹನ ಅಮೆರಿಕಕ್ಕೆ ಹೋದಾಗ, ಜೀಪಿನ ರೂಪವನ್ನು ಹೋಲುತ್ತದೆಂಬ ಕಾರಣಕ್ಕೆ 2020ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಅದನ್ನು ತಡೆಯಿತು. ರೂಪ ಬದಲಿಸಿದ ಮಾದರಿಗೆ ಅದೇ ವರ್ಷದ ಕೊನೆಗೆ ಒಪ್ಪಿಗೆ ಸಿಕ್ಕಿತು. ಎಪ್ಪತ್ತು ವರ್ಷ ಒಟ್ಟಿಗೆ ಬಾಳಿದ ರೂಪ ಒಂದು ದಿನ ಪರರ ಸ್ವತ್ತಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಆಕ್ಷೇಪಗಳು

ಪ್ರತಿಕೃತಿಗೆ ಅವಕಾಶ ಕೊಟ್ಟರೆ ಮೋಸಗಾರರಿಗೆ ಹಬ್ಬ ಎಂಬುದು ಮೊದಲ ಆಕ್ಷೇಪ. ಮೋಸ ನಡೆಯುತ್ತಿದೆ, ನಿಜ. ಒಂದೇ ಚೌಕಟ್ಟಿನ ಸಂಖ್ಯೆಯನ್ನು ಎರಡು ಕಾರುಗಳು ಹೊತ್ತು ತಿರುಗುವುದು ಈ ವ್ಯಾಪಾರದ ಹಳೆಯ ರೋಗ. ಆದರೆ ಆ ರೋಗಕ್ಕೆ ಕಾರಣ ಹುಡುಕಿದರೆ ಮತ್ತೆ ಆ ಹುಚ್ಚು ಬೆಲೆಯ ಬಾಗಿಲಿಗೇ ಬರುತ್ತೇವೆ. ಒಂದು ಲೋಹದ ಪಟ್ಟಿಗೆ ನೂರಾರು ಕೋಟಿ ಬೆಲೆಯಿದ್ದರೆ ಆ ಪಟ್ಟಿಯನ್ನು ಖೋಟಾ ಮಾಡುವವನು ಹುಟ್ಟಿಯೇ ಹುಟ್ಟುತ್ತಾನೆ. ತನ್ನನ್ನು ಪ್ರತಿಕೃತಿಯೆಂದು ಹೇಳಿಕೊಂಡು, ತನ್ನದೇ ಸಂಖ್ಯೆ ಹೊತ್ತ ಕಾರಿನಿಂದ ಯಾರಿಗೂ ಮೋಸವಾಗದು. ಅದನ್ನು ನಿಷೇಧಿಸಿದರೆ ಪ್ರಾಮಾಣಿಕರು ಬಿಟ್ಟುಬಿಡುತ್ತಾರೆ, ಕಳ್ಳರು ಮುಂದುವರಿಯುತ್ತಾರೆ.

ಎರಡನೆಯ ಆಕ್ಷೇಪ ನಮ್ಮ ಬಳಗದ್ದೇ: ಅಸಲಾದರೇನು, ನಕಲಾದರೇನು, ಎರಡೂ ಪೆಟ್ರೋಲು ಕುಡಿಯುವ ಆಟಿಕೆಗಳು, ಇದರಲ್ಲಿ ನಮಗೇನು? ಈ ಮಾತಿನಲ್ಲಿ ಸತ್ಯವಿದೆ. ಪ್ರತಿಕೃತಿಗೆ ಹಸಿರು ಬಣ್ಣ ಬಳಿಯುವ ಇರಾದೆ ನನಗಿಲ್ಲ. ಅನೇಕ ಪ್ರತಿಕೃತಿಗಳ ಮೈ ನಾರುಗಾಜಿನದು. ಅದನ್ನು ಕರಗಿಸಿ ಮರುಬಳಸಲು ಬರುವುದಿಲ್ಲ, ಅಲ್ಯೂಮಿನಿಯಂ ತಗಡಿನಂತಲ್ಲ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಅಮೆರಿಕದಲ್ಲಿ 1995ರಲ್ಲಿ ಆರಂಭವಾದ ಫ್ಯಾಕ್ಟರಿ ಫೈವ್ ಎಂಬ ಕಂಪನಿಯ ಕೋಬ್ರಾ ಮಾದರಿಗಳು ಹಳೆಯ ಫೋರ್ಡ್ ಮಸ್ಟಾಂಗ್ ಕಾರುಗಳ ಎಂಜಿನ್, ಗೇರುಪೆಟ್ಟಿಗೆ, ಅಚ್ಚುಗಳನ್ನು ಬಳಸಿಕೊಳ್ಳುವಂತೆ ರೂಪುಗೊಂಡವು. ಪೋರ್ಷೆ ಸ್ಪೀಡ್‌ಸ್ಟರ್ ಪ್ರತಿಕೃತಿಗಳು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳ ತಳದ ಮೇಲೆ ಎದ್ದವು. ಒಂದು ಟನ್ ಉಕ್ಕನ್ನು ಅದಿರಿನಿಂದ ತೆಗೆಯುವಾಗ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗುಜರಿಗೆ ಹೋಗಬೇಕಾದ ವಸ್ತುವನ್ನು ಬಿಚ್ಚಿ ಮತ್ತೆ ಬಳಸುವ ವಿದ್ಯೆ, ಎರಡೇ ವರ್ಷಕ್ಕೆ ಹಳತಾಗುವ ಸಾಮಾನುಗಳ ಈ ಯುಗದಲ್ಲಿ, ತಿರಸ್ಕರಿಸುವಂಥದ್ದಲ್ಲ.

ಕಾನೂನು ಸರಿಯಿದ್ದರೆ ಇನ್ನೂ ಮುಂದೆ ಹೋಗಬಹುದು. ಅಮೆರಿಕ 2015ರಲ್ಲಿ ಮಾಡಿದ ಶಾಸನದಂತೆ ಸಣ್ಣ ತಯಾರಕನೊಬ್ಬ ಕನಿಷ್ಠ 25 ವರ್ಷ ಹಳೆಯ ವಾಹನವನ್ನು ಹೋಲುವ ಪ್ರತಿಕೃತಿಗಳನ್ನು ವರ್ಷಕ್ಕೆ 325ರವರೆಗೆ ಮಾರಬಹುದು. ಅಪಘಾತ ಸುರಕ್ಷೆಯ ಹಲವು ನಿಯಮಗಳಿಂದ ವಿನಾಯಿತಿಯುಂಟು. ಹೊಗೆಯ ನಿಯಮಗಳಿಂದ ಇಲ್ಲ. ಎಂಜಿನ್ನು ಇಂದಿನ ಮಾನಕಕ್ಕೆ ಸಲ್ಲಬೇಕು. 1960ರ ದಶಕದ ಅಸಲು ಕಾರು ಅಂದಿನ ಹೊಗೆಯನ್ನೇ ಉಗುಳುತ್ತದೆ. ಅದರ ಪ್ರತಿಕೃತಿ ಹಾಗೆ ಮಾಡುವಂತಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಅಸಲು ಕಾರಿನ ಎಂಜಿನ್ ಕಿತ್ತು ವಿದ್ಯುತ್ ಮೋಟಾರು ಕೂರಿಸಿದರೆ ಅದು ಐತಿಹಾಸಿಕ ವಾಹನವಾಗಿ ಉಳಿಯದು ಎಂಬ ನಿಲುವು ತಳೆದಿದೆ. ಸರಿಯಾದ ನಿಲುವು, ದಾಖಲೆಯನ್ನು ಕೆಡಿಸಬಾರದು. ಹಾಗಾದರೆ ಪ್ರಯೋಗ ಎಲ್ಲಿ ನಡೆಯಬೇಕು? ಪ್ರತಿಕೃತಿಯಲ್ಲಿ. ಅದರೊಳಗೆ ಬ್ಯಾಟರಿ ಇಟ್ಟರೆ ಯಾವ ಇತಿಹಾಸವೂ ಅಳಿಯುವುದಿಲ್ಲ. ಅಸಲನ್ನು ಹಾಗೆಯೇ ಉಳಿಸಲು ಇರುವ ಒಳ್ಳೆಯ ದಾರಿ, ಓಡಿಸುವ ಆಸೆಯನ್ನು ಪ್ರತಿಕೃತಿಯ ಕಡೆಗೆ ತಿರುಗಿಸುವುದು.

ನಮ್ಮ ದೇಶದಲ್ಲಿ

ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ, ಗಣನೀಯ ಮಾರ್ಪಾಡು ಕಾಣದ ವಾಹನಗಳಿಗೆ 20,000 ರೂಪಾಯಿ ಶುಲ್ಕದಲ್ಲಿ ವಿಎ ಸರಣಿಯ ಸಂಖ್ಯೆ. ದಿನನಿತ್ಯದ ಓಡಾಟಕ್ಕೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ದಾಖಲೆಯ ಮೌಲ್ಯವನ್ನು ಗುರುತಿಸಿದ ಈ ನಿಯಮ ಸ್ವಾಗತಾರ್ಹ. ಆದರೆ ಪ್ರಾಮಾಣಿಕ ಪ್ರತಿಕೃತಿಯ ಕೈಕೆಲಸಕ್ಕೆ ಅದರಲ್ಲಿ ಜಾಗವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ವಿವರಿಸುತ್ತ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ, ತಯಾರಕ ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳಿದೆ. ಜನರ ಜೀವದ ಸುರಕ್ಷೆಗೆ ಇದು ಬೇಕು. ಹೊಸ ಮಾದರಿ ತರುವವರಿಗೆ ಇರುವ ಪರೀಕ್ಷೆಗಳೋ ದೊಡ್ಡ ಕಾರ್ಖಾನೆಗಳ ಅಳತೆಗೆ ಹೊಲಿದ ಅಂಗಿ. ಮಹಾರಾಷ್ಟ್ರದ ಅಲಿಬಾಗಿನಲ್ಲಿ ಚಿಂಕಾರಾ ಎಂಬ ಸಂಸ್ಥೆ ಇಂಗ್ಲೆಂಡಿನ ಲೋಟಸ್ ಸೆವೆನ್ ಮಾದರಿಯನ್ನು ಹೋಲುವ ಕಾರನ್ನು ಕೈಯಿಂದ ಕಟ್ಟಿತೆಂಬುದು, ಇಂಥ ಕೌಶಲ ನಮ್ಮಲ್ಲಿ ಇಲ್ಲದಿಲ್ಲ ಎಂಬುದಕ್ಕೆ ಸಾಕ್ಷಿ.

ಅಸಲು ಕಾರುಗಳು ಎಲ್ಲಿರಬೇಕೆಂಬುದಕ್ಕೆ ಉತ್ತರ ನಮ್ಮ ಹತ್ತಿರವೇ ಇದೆ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿ ಬಂದ ಶಾಲಾಮಕ್ಕಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಮಂದಿ. ಸಾರ್ವಜನಿಕರು ಕಂಡು ಕಲಿಯುವ ಕಾರಿಗೆ ದಾಖಲೆಯ ಸಾರ್ಥಕ್ಯವಿದೆ. ಹರಾಜಿನಿಂದ ಹರಾಜಿಗೆ ಹೋಗುತ್ತ ಬೀಗ ಹಾಕಿದ ಗೋದಾಮಿನಲ್ಲಿ ಕುಳಿತ ಕಾರಿಗೆ ಷೇರುಪತ್ರದ ಸಾರ್ಥಕ್ಯ ಮಾತ್ರ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟವಾಗಿರಬೇಕು. ಪ್ರತಿ ಪ್ರತಿಕೃತಿಯ ಚೌಕಟ್ಟಿನ ಮೇಲೂ ಕಟ್ಟಿದವನ ಹೆಸರು, ಕಟ್ಟಿದ ವರ್ಷ, 'ಪ್ರತಿಕೃತಿ' ಎಂಬ ಪದ ಅಳಿಯದಂತೆ ಕೊರೆದಿರಲಿ. ಕಂಪನಿಗಳ 'ಮುಂದುವರಿಕೆ' ಕಾರುಗಳ ಮೇಲೂ ಅದೇ ಪದ ಇರಲಿ, ರಿಯಾಯಿತಿ ಬೇಡ. ಒಂದು ರೂಪವನ್ನು ಹಲವು ದಶಕ ತಯಾರಿಸದೆ ಬಿಟ್ಟ ಕಂಪನಿಗೆ ಅದರ ಹೆಸರಿನ ಮೇಲೆ ಹಕ್ಕಿರಲಿ, ಆಕಾರದ ಮೇಲೆ ಬೇಡ. ಸಣ್ಣ ತಯಾರಕರಿಗೆ ಹೊಗೆ ಮತ್ತು ಬ್ರೇಕಿನ ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಶುಲ್ಕ ಮತ್ತು ಕಾಗದ ಅವರ ಅಳತೆಗೆ ತಕ್ಕಂತಿರಲಿ.

ಇಂದು ಕಾರಿನ ಬಾಗಿನ ಮೇಲೆ ಗೆದ್ದ ವಾದ ನಾಳೆ ನೇಗಿಲಿನ ಬಾಗಿನ ಮೇಲೆ, ಪಂಪಿನ ಬಿಡಿಭಾಗದ ಮೇಲೆ, ರಿಪೇರಿ ಅಂಗಡಿಯ ಲೇತಿನ ಮೇಲೆ ಬಂದು ಕೂರಲು ಹೆಚ್ಚು ಕಾಲ ಬೇಕಾಗದು. ನೋಡಿ ಕಲಿಯುವ, ಕಲಿತು ಮಾಡುವ ಹಕ್ಕನ್ನು ಶ್ರೀಮಂತರ ಆಟಿಕೆಯ ನೆಪದಲ್ಲಿ ಕಳೆದುಕೊಳ್ಳುವುದು ಜಾಣತನವಲ್ಲ.